ಚಾಳೀಸು ಬಂದರೆ ಕ್ಯಾಮೆರಾ ಕೆಳಗಿಡಬೇಕೆ?

ನಲವತ್ತು ದಾಟಿದ ಹೆಂಗಸಿನ ಕಣ್ಣಿನ ಬಗ್ಗೆ ನಮ್ಮ ಮನೆಗಳಲ್ಲಿರುವ ಉದಾಸೀನ ಅಷ್ಟಿಷ್ಟಲ್ಲ. ದೂರದ ಬಸ್ಸಿನ ಬೋರ್ಡು ಓದಿಬಿಟ್ಟರೆ ಸಾಕು, 'ನಿನ್ನ ಕಣ್ಣಿಗೇನಾಗಿದೆ, ಚೆನ್ನಾಗೇ ಇದೆ' ಎಂದು ತೀರ್ಪು ಕೊಡುತ್ತಾರೆ. ಸೂಜಿಗೆ ದಾರ ಪೋಣಿಸಲಾಗದಿದ್ದರೆ ಮೊಮ್ಮಗಳನ್ನು ಕರೆ, ಅಕ್ಕಿಯಲ್ಲಿ ಕಲ್ಲು ಕಾಣದಿದ್ದರೆ ಸೊಸೆಗೆ ಕೊಡು. ಕನ್ನಡಕ ಮಾತ್ರ ಮುಂದಿನ ತಿಂಗಳಿಗೆ! ಇದೇ ಧೋರಣೆಯನ್ನು ಸಮುದ್ರದಲ್ಲೂ ಕಂಡ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ.

ವಿದ್ಯಾನಗರದ ಗೃಹಿಣಿಗೆ ಸಮುದ್ರದೊಳಗೇನು ಕೆಲಸ ಎನ್ನುವವರಿದ್ದಾರೆ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಮಳೆಗಾಲ ಕಳೆದ ಮೇಲೆ ಅಲ್ಲಿ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿಯಬಹುದು. ಮಕ್ಕಳ ಓದು ಮುಗಿದ ಮೇಲೆ ನಾನೂ ಕಲಿತೆ, ನೀರಿನೊಳಗೆ ಫೋಟೋ ತೆಗೆಯುವ ಪುಟ್ಟ ಕ್ಯಾಮೆರಾ ಕೊಂಡೆ. (ಅದೇ ದುಡ್ಡಿನಲ್ಲಿ ಬಳೆ ಮಾಡಿಸಿದ್ದರೆ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ.)

ಹವಳದ ಬಂಡೆ ಕಂಡಿತು, ಚಿಟ್ಟೆಮೀನು ಕಂಡಿತು. ಕೈಯಲ್ಲಿದ್ದ ಕ್ಯಾಮೆರಾದ ಪರದೆ ಮಾತ್ರ ಬರೀ ಮಸುಕು. ದಡಕ್ಕೆ ಬಂದು ಹೇಳಿದರೆ ಸಲಕರಣೆ ಕೊಡುವ ಹುಡುಗ, "ಎಲ್ಲಾ ಆಟೋಮ್ಯಾಟಿಕ್ ಆಂಟಿ, ನೀವು ಸುಮ್ಮನೆ ಬಟನ್ ಒತ್ತಿ" ಅಂದ. ಉಗುರಿನಷ್ಟು ಗಾತ್ರದ, ಚಿಪ್ಪಿಲ್ಲದ ಬಸವನಹುಳುವಿನ ಚಿತ್ರದಲ್ಲಿ ಕ್ಯಾಮೆರಾ ಹಿಂದಿನ ಕಲ್ಲನ್ನು ಹಿಡಿಯಿತೋ, ಹುಳುವನ್ನು ಹಿಡಿಯಿತೋ ಎಂದು ನೋಡುವವರು ಯಾರು? ಪರದೆ ಕಾಣದವಳಿಗೆ ಆಟೋಮ್ಯಾಟಿಕ್ ಎಂದರೆ ಲಾಟರಿ.

ಹೋಗಲಿ, ಚಿತ್ರ ಕೆಟ್ಟರೆ ಕೆಡಲಿ. ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳೂ ಅಷ್ಟೇ ಹತ್ತಿರದ್ದು! ಆಸ್ತಮಾ ಇದೆಯೇ, ಕಿವಿ ಸೋರುತ್ತದೆಯೇ, ಎದೆ ನೋವೇ ಎಂದೆಲ್ಲ ವಿಚಾರಿಸಿ ಸಹಿ ಹಾಕಿಸಿಕೊಂಡವರು, ಆ ಮುಳ್ಳನ್ನು ಓದಲು ಬರುತ್ತದೆಯೇ ಎಂದು ನನ್ನನ್ನು ಕೇಳಲೇ ಇಲ್ಲ.

ಚಾಳೀಸು ಎಂದರೆ ರೋಗವಲ್ಲ. ಹಿಂದಿಯಲ್ಲಿ ನಲವತ್ತು ಎಂದಷ್ಟೇ ಅದರ ಅರ್ಥ. ಕಣ್ಣೊಳಗಿನ ಮಸೂರ ವಯಸ್ಸಾದಂತೆ ಬಿಗಿಯಾಗಿ, ಹತ್ತಿರದ್ದನ್ನು ನೋಡಲು ಬಾಗುವುದಿಲ್ಲ. ಮನೆಯಲ್ಲಾದರೆ ಕೈ ಉದ್ದ ಮಾಡಿ ಪೇಪರು ಓದುತ್ತೇವೆ. ನೀರಿನಲ್ಲಿ ಆ ಉಪಾಯವೂ ಪೂರ್ತಿ ನಡೆಯದು. ಮುಖವಾಡದ ಚಪ್ಪಟೆ ಗಾಜಿನ ಮೂಲಕ ನೋಡಿದಾಗ ವಸ್ತುಗಳು ಇರುವ ದೂರದ ಮುಕ್ಕಾಲು ಪಾಲಿನಲ್ಲೇ ಇವೆಯೇನೋ ಎಂಬಂತೆ ಕಾಣುತ್ತವೆ. 40 ಸೆಂಟಿಮೀಟರ್ ದೂರ ಹಿಡಿದ ಕ್ಯಾಮೆರಾ ಕಣ್ಣಿಗೆ 30ರಲ್ಲಿದ್ದಂತೆ! ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ನಿಜ; ಮಸುಕೂ ದೊಡ್ಡದಾಗುತ್ತದೆ.

ಮಾಮೂಲಿ ಕನ್ನಡಕ ಹಾಕೋಣವೆಂದರೆ ಅದರ ಕಡ್ಡಿಗಳಿಂದ ಮುಖವಾಡ ಬಿಗಿಯಾಗಿ ಕೂರದೆ ನೀರು ನುಗ್ಗುತ್ತದೆ. ಆದರೆ ಪರಿಹಾರಕ್ಕೇನೂ ಬರವಿಲ್ಲ. ಅರ್ಧಚಂದ್ರದಂಥ ಮೆತ್ತನೆಯ ಪ್ಲಸ್ ಮಸೂರಗಳು ಸಿಗುತ್ತವೆ. ಬರೀ ನೀರು ಹಚ್ಚಿ ಮುಖವಾಡದ ಗಾಜಿನ ಒಳಬದಿಗೆ, ಕೆಳಭಾಗದಲ್ಲಿ ಅಂಟಿಸಿದರಾಯಿತು. ಒಳಗೆ ಗಾಳಿಯೇ ಇರುವುದರಿಂದ ಅವುಗಳ ಶಕ್ತಿ ಕುಂದುವುದಿಲ್ಲ. ಮೇಲಿನಿಂದ ಮೀನು, ಕೆಳಗಿನಿಂದ ಪರದೆ ಮತ್ತು ಮುಳ್ಳು. ಮನೆಯಲ್ಲಿ ಓದುವ ನಂಬರಿಗಿಂತ ಒಂದು ಗುಲಗಂಜಿ ಹೆಚ್ಚು ಬೇಕಾಗಬಹುದು. ಕಣ್ಣಿನ ವೈದ್ಯರಿಗೆ 'ನೀರಿನೊಳಗೆ ಇಷ್ಟು ದೂರಕ್ಕೆ' ಎಂದು ಬಿಡಿಸಿ ಹೇಳಿ. ನಂಬರಿನ ಗಾಜನ್ನೇ ಕೂರಿಸಿದ ಮುಖವಾಡಗಳೂ ಇವೆ. ಒಳ್ಳೆಯ ಟಾರ್ಚು ಜೊತೆಗಿರಲಿ. ಬೆಳಕು ಹೆಚ್ಚಿದ್ದಾಗ ಕಣ್ಣಿನ ಪಾಪೆ ಕಿರಿದಾಗಿ ನೋಟ ತುಸು ಸ್ಪಷ್ಟವಾಗುತ್ತದೆ, ನೀರು ನುಂಗಿದ ಕೆಂಪು ಬಣ್ಣವೂ ಮರಳುತ್ತದೆ.

ಇಷ್ಟಕ್ಕೆ ಇಷ್ಟೇಕೆ ರಂಪ ಎನ್ನುವವರು 2018ರಲ್ಲಿ ಪ್ರಕಟವಾದ ಅಸ್ಸಾಮಿನ ಅಧ್ಯಯನವನ್ನು ನೋಡಲಿ. ನಲವತ್ತು ದಾಟಿದ 751 ಮಂದಿ ಚಹಾ ಕೆಲಸಗಾರರಲ್ಲಿ ಕೆಲವರಿಗೆ ಹತ್ತಿರದ ಕನ್ನಡಕ ಕೊಟ್ಟರು. ಕನ್ನಡಕವಿಲ್ಲದವರಿಗೆ ಹೋಲಿಸಿದರೆ ಅವರು ಕೊಯ್ದ ಎಲೆ ಶೇಕಡಾ 21ಕ್ಕೂ ಹೆಚ್ಚು ಏರಿತು. ಅಷ್ಟು ದಿನ ಅವರ ಕೈ ನಿಧಾನವಾದದ್ದನ್ನು ವಯಸ್ಸಿನ ಲೆಕ್ಕಕ್ಕೆ ಬರೆದವರು ಎಷ್ಟು ಮಂದಿಯೋ!

'ಮಗನ ಕೈಗೆ ಕ್ಯಾಮೆರಾ ಕೊಡಿ, ಅವನು ತೆಗೆಯುತ್ತಾನೆ' ಎಂಬ ಸಲಹೆಯೂ ಬಂತು. ಅವನು ತೆಗೆಯುತ್ತಾನೆ, ಬೇಡವೆಂದವರಾರು? ದೊಡ್ಡ ಮೀನಿನ ಹಿಂದೆ ಹೋಗುವ ಹುಡುಗ ಅವನು. ಬಂಡೆಯ ಸಂದಿಯಲ್ಲಿ ಕೂತ ನನ್ನ ಬಸವನಹುಳು ಅವನಿಗೆ ಕಂಡೇ ಇರುವುದಿಲ್ಲ.