ಪಳಗುವುದು ಬೇರೆ, ನಂಬುವುದು ಬೇರೆ

ಹುಣಸೂರಿನಿಂದ ನಾಗರಹೊಳೆ ಕಡೆಗೆ ಹೋದರೆ ಕಾಡಿನ ಬಾಗಿಲಲ್ಲೇ ವೀರನಹೊಸಹಳ್ಳಿ ಸಿಗುತ್ತದೆ. ಮೈಸೂರು ದಸರೆಯ ಆನೆಗಳು ಪೂಜೆ ಮಾಡಿಸಿಕೊಂಡು ಪಯಣ ಹೊರಡುವುದು ಇಲ್ಲಿಂದಲೇ. ಆ ದಿನ ಸುತ್ತಲ ಹಳ್ಳಿಗಳ ಜನರೆಲ್ಲ ಇಲ್ಲಿ ಸೇರುತ್ತಾರೆ. ಮಂತ್ರಿಗಳು ಬರುತ್ತಾರೆ, ವಾದ್ಯ ಮೊಳಗುತ್ತದೆ, ಮಾವುತರ, ಕಾವಾಡಿಗಳ ಹೆಂಡಿರು ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಲಾರಿ ಹತ್ತುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಪದವಿ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ನಾನು ಈಗ ಈ ಭಾಗದಲ್ಲೇ ನೆಲೆಸಿದ್ದೇನೆ. ಹಾಗಾಗಿ ಗಜಪಯಣವನ್ನು ತಪ್ಪಿಸುವುದಿಲ್ಲ.

2024ರ ಗಜಪಯಣದ ದಿನ ಆ ಜನಜಂಗುಳಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಬಂದು ನನ್ನ ಕೈ ಹಿಡಿದಳು. "ಮೇಡಂ, ಗುರುತು ಸಿಕ್ಕಿತಾ?" ಎಂದಳು. ಸಿಕ್ಕಿತು. ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನಿಸಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಎ. ಕೊನೆಯ ವರ್ಷದಲ್ಲಿದ್ದಾಗ, 1993ರಲ್ಲಿ, ಮನೆಯವರು ಮದುವೆ ಮಾಡಿದರು. ನಮ್ಮ ಕಡೆ ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬರುತ್ತಿದ್ದಂತೆ ಮದುವೆಯ ಮಾತುಗಳೂ ಏಳುತ್ತವೆ. ಹೊಲದಲ್ಲಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ನ ಬಿಸಿಯಲ್ಲಿ ಬೇಯುವವರು ಹೆಣ್ಣುಮಕ್ಕಳು. ದುಡ್ಡು ಜಮೆಯಾಗುವುದು ಗಂಡಸಿನ ಹೆಸರಿಗೆ. ಅದೇ ದುಡ್ಡು ಚಿನ್ನವಾಗಿ, ಮೋಟಾರು ಬೈಕಾಗಿ ಇನ್ನೊಂದು ಮನೆಯ ಗಂಡಸಿನ ಕೈ ಸೇರುತ್ತದೆ. ಇವಳ ಮದುವೆಯೂ ಹಾಗೇ ನಡೆಯಿತು. ಎಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಮೊಣಕೈವರೆಗೆ ಸೆರಗು ಸುತ್ತಿಕೊಂಡಿದ್ದಳು. ಇನ್ನೂ ಹಣ ತರಬೇಕಂತೆ, ಗಂಡ ಹೊಡೆಯುತ್ತಾನೆ, ಒಡವೆಯೆಲ್ಲ ಅತ್ತೆಯ ಪೆಟ್ಟಿಗೆಯಲ್ಲಿದೆ ಎಂದಳು. ನಾನು ಅವಳಿಗೆ ಕಾಫಿ ತರಿಸಿಕೊಟ್ಟೆ. ಬೆನ್ನು ಸವರಿದೆ. ಆಮೇಲೆ ಹೇಳಿದ ಮಾತು ಇದು: "ಹೊಸದರಲ್ಲಿ ಹಾಗೇ ಇರುತ್ತಮ್ಮ. ಸ್ವಲ್ಪ ಹೊಂದಿಕೊಂಡು ಹೋಗು. ನಂಬಿಕೆ ಇಡು, ಎಲ್ಲ ಸರಿಹೋಗುತ್ತೆ."

ಅವಳು ತಲೆಯಾಡಿಸಿ ಹೋದಳು. ಮತ್ತೆ ನನ್ನ ಬಳಿ ಬರಲಿಲ್ಲ.

ನಾನೇಕೆ ಹಾಗೆ ಹೇಳಿದೆ? ತಿಳಿಯದವಳೇನಲ್ಲ. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಿದವಳು. ವಿಜಯಾ ದಬ್ಬೆಯವರಂಥವರು ಮೈಸೂರಿನಲ್ಲಿ ಸಮತಾ ವೇದಿಕೆ ಕಟ್ಟಿ ಹೆಣ್ಣಿನ ಮೇಲಿನ ದೌರ್ಜನ್ಯದ ವಿರುದ್ಧ ಮಾತೆತ್ತಿದ್ದನ್ನು ಬಲ್ಲವಳು. ತರಗತಿಯಲ್ಲಿ ಅಕ್ಕಮಹಾದೇವಿಯ ದಿಟ್ಟತನವನ್ನು ಬಾಯಿ ತುಂಬ ಹೊಗಳುತ್ತಿದ್ದವಳು. ಆದರೆ ಆಗ ಪ್ರತಿ ತಿಂಗಳ ಮೊದಲ ವಾರ ನಾನು ಖಾಲಿ ಚೆಕ್ಕಿಗೆ ಸಹಿ ಹಾಕಿ ಯಜಮಾನರ ಮೇಜಿನ ಮೇಲಿಟ್ಟು ಕಾಲೇಜಿಗೆ ಹೋಗುತ್ತಿದ್ದೆ. ನನ್ನ ಸಂಬಳ ಎಲ್ಲಿಗೆ ಹೋಯಿತೆಂದು ಕೇಳಿದರೆ "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂಬ ಪ್ರಶ್ನೆ ತಿರುಗಿ ಬರುತ್ತಿತ್ತು. ಎರಡು ಸಲ ಕೇಳಿ ಸುಮ್ಮನಾದೆ. ಈಗ ಇಲ್ಲದವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವಳ ಮಾತನ್ನು ನಂಬಿದರೆ ನನ್ನ ಮನೆಯ ಮಾತನ್ನೂ ನಾನು ನಂಬಬೇಕಾಗುತ್ತಿತ್ತು. ಆ ಧೈರ್ಯ ನನಗಿರಲಿಲ್ಲ. ಅಷ್ಟನ್ನು ಒಪ್ಪಿಕೊಳ್ಳುವುದಕ್ಕೆ ಬರೆಯುತ್ತಿದ್ದೇನೆ. ತನ್ನನ್ನು ತಾನು ನಂಬದವಳು ಇನ್ನೊಬ್ಬಳ ಮಾತನ್ನು ಹೇಗೆ ನಂಬಿಯಾಳು?

ಆನೆಗಳು ಹೊರಟ ಮೇಲೆ ಇಬ್ಬರೂ ಮರದ ಕೆಳಗೆ ಕೂತೆವು. ನಾನು ಕ್ಷಮೆ ಕೇಳಿದೆ. ಅವಳು ನಕ್ಕಳು. "ಅವತ್ತು ನಾನು ದುಡ್ಡು ಕೇಳಕ್ಕೆ ಬಂದಿರಲಿಲ್ಲ, ಪೊಲೀಸಿಗೆ ಹೇಳಿ ಅಂತಾನೂ ಬಂದಿರಲಿಲ್ಲ ಮೇಡಂ. ನಾನು ಹೇಳೋದು ನಿಜ ಅಂತ ಒಬ್ಬರಾದರೂ ನಂಬ್ತಾರಾ ಅಂತ ನೋಡಕ್ಕೆ ಬಂದಿದ್ದೆ" ಎಂದಳು.

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಹೊಡೆತ ತಿನ್ನುವ ಹೆಣ್ಣು ಮೊದಲು ಕಳೆದುಕೊಳ್ಳುವುದು ತನ್ನ ಮೇಲಿನ ನಂಬಿಕೆಯನ್ನೇ. ನಿನಗೆ ಬುದ್ಧಿಯಿಲ್ಲ, ನೀನು ಸುಳ್ಳಿ, ನಿನ್ನಿಂದಲೇ ನನಗೆ ಕೋಪ ಬಂದದ್ದು ಎಂದು ದಿನಾ ಕೇಳಿ ಕೇಳಿ, ತನ್ನ ಕಣ್ಣು ಕಂಡದ್ದನ್ನು, ತನ್ನ ಮೈ ಅನುಭವಿಸಿದ್ದನ್ನು ಅವಳೇ ಅನುಮಾನಿಸತೊಡಗುತ್ತಾಳೆ. ಅಂಥ ಹೊತ್ತಿನಲ್ಲಿ ಅವಳಿಗೆ ಬೇಕಾದದ್ದು ಉಪದೇಶವಲ್ಲ. ಅವಳ ಮಾತಿಗೆ ಒಬ್ಬ ಸಾಕ್ಷಿ.

ಆ ಸಾಕ್ಷಿ ಅವಳಿಗೆ ಸಿಕ್ಕಿದ್ದು ತವರೂರಿನ ಮಹಿಳಾ ಸಂಘದಲ್ಲಿ. 1989ರಲ್ಲಿ ನಮ್ಮ ರಾಜ್ಯದಲ್ಲಿ ಮಹಿಳಾ ಸಮಾಖ್ಯಾ ಕಾರ್ಯಕ್ರಮ ಶುರುವಾದಾಗ ಅದು ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಮೈಸೂರೂ ಒಂದು. ಬಡ ಹೆಂಗಸರು ವಾರಕ್ಕೊಮ್ಮೆ ಸೇರಿ ತಮ್ಮ ಕಷ್ಟ ಸುಖ ತಾವೇ ಮಾತಾಡುವ ಸಂಘಗಳು ಹಳ್ಳಿಗಳಲ್ಲಿ ಹುಟ್ಟಿಕೊಂಡ ಕಾಲ ಅದು. ಅವಳು ಅಂಥ ಸಂಘವೊಂದರ ಮುಂದೆ ಕೂತು ಅತ್ತಾಗ, ಹೆಬ್ಬೆಟ್ಟು ಒತ್ತುವ ಅಜ್ಜಿಯೊಬ್ಬರು ಹೇಳಿದರಂತೆ: "ನೀ ಹೇಳದು ದಿಟ ಕನವ್ವ. ಈಗ ಏನ್ ಮಾಡಬೇಕು ಅನ್ನದ ನೀನೇ ಹೇಳು."

ಎರಡೇ ವಾಕ್ಯ. ಮೊದಲನೆಯದರಲ್ಲಿ ಅವಳ ಮಾತಿಗೆ ಬೆಲೆ ಕೊಟ್ಟರು. ಎರಡನೆಯದರಲ್ಲಿ ಅವಳ ತೀರ್ಮಾನಕ್ಕೆ ಬೆಲೆ ಕೊಟ್ಟರು. ಎಂ.ಎ. ಓದಿದ ನನ್ನಿಂದ ಆಗದ್ದು ಅಕ್ಷರ ಬಾರದ ಆ ತಾಯಿಯಿಂದ ಆಯಿತು.

ಮುಂದಿನದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಒಬ್ಬಳೇ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಿ ಬಂದಳಂತೆ. ಆಮೇಲೆ ತನ್ನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದಳು. ವಾರಕ್ಕೆ ಇಷ್ಟು ಕಟ್ಟುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು, ಹಾಗೇ ಕಟ್ಟಿದಳು. "ನಾನು ಹೇಳಿದ್ದನ್ನ ನಾನೇ ಮಾಡ್ತೀನಿ ಅಂತ ಗೊತ್ತಾಗಕ್ಕೆ ಒಂದು ವರ್ಷ ಬೇಕಾಯ್ತು ಮೇಡಂ" ಎಂದಳು. ಆತ್ಮವಿಶ್ವಾಸ ಎಂದು ನಾವು ಭಾಷಣದಲ್ಲಿ ಹೇಳುವ ದೊಡ್ಡ ಪದದ ಒಳಗೆ ಇರುವುದು ಇಷ್ಟೇ. ತನಗೆ ಕೊಟ್ಟುಕೊಂಡ ಸಣ್ಣ ಮಾತನ್ನು ಉಳಿಸಿಕೊಳ್ಳುವುದು, ನಾಳೆ ಮತ್ತೊಂದನ್ನು ಉಳಿಸಿಕೊಳ್ಳುವುದು.

ಒಡವೆ ಕೇಳಲು ಎಂಟು ಮಂದಿ ಹೆಂಗಸರು ಗಂಡನ ಮನೆಗೆ ಹೋದರು. ಮದುವೆಯಲ್ಲಿ ಪಟ್ಟಿ ಬರೆದಿರಲಿಲ್ಲ. "ನೆಂಟರಲ್ಲಿ ಪಟ್ಟಿ ಯಾಕೆ, ನಂಬಿಕೆ ಇಲ್ವಾ?" ಎಂದು ಅವತ್ತು ಬೀಗರು ಕೇಳಿದ್ದರಂತೆ. ಕೊನೆಗೆ ಅಕ್ಕಸಾಲಿಯ ಚೀಟಿ, ಮದುವೆಯ ಫೋಟೋ ಆಲ್ಬಂ ಮುಂದಿಟ್ಟು ಮಾತಾಡಿದರು. ಆರು ತಿಂಗಳ ಓಡಾಟದ ಮೇಲೆ ಒಂದು ಸರ ಬಿಟ್ಟು ಉಳಿದದ್ದೆಲ್ಲ ಕೈಗೆ ಬಂತು.

ಇಲ್ಲಿ ಕಾನೂನಿನ ಒಂದು ಮಾತನ್ನು ನಮ್ಮ ಓದುಗರು ನೆನಪಿಡಬೇಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮಿನ ಪ್ರಕಾರ, ವರದಕ್ಷಿಣೆಯಾಗಿ ಬಂದದ್ದು ಯಾರ ಕೈಯಲ್ಲಿದ್ದರೂ ಮೂರು ತಿಂಗಳೊಳಗೆ ಅದನ್ನು ಆ ಹೆಣ್ಣಿಗೇ ಒಪ್ಪಿಸಬೇಕು. ಒಪ್ಪಿಸುವವರೆಗೂ ಅವಳ ಹಿತಕ್ಕಾಗಿ ನಂಬಿಕೆಯ ಮೇಲೆ ಇಟ್ಟುಕೊಂಡಿರಬೇಕು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸ್ತ್ರೀಧನ ಹೆಣ್ಣಿನ ಸ್ವಂತ ಸ್ವತ್ತು, ಅದನ್ನು ನುಂಗಿಹಾಕಿದ ಗಂಡನಾಗಲೀ ಅತ್ತೆ ಮಾವನಾಗಲೀ ನಂಬಿಕೆ ದ್ರೋಹದ ಅಪರಾಧಕ್ಕೆ ಗುರಿಯಾಗುತ್ತಾರೆ ಎಂದು ಹೇಳಿತು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನಂಬಿಕೆ ದ್ರೋಹ ಅದರಲ್ಲಿ 316ನೇ ಕಲಮು. ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ ಹಳೆಯ 498-ಎ ಈಗ 85ನೇ ಕಲಮು. ಮದುವೆಯಲ್ಲಿ ಕೊಟ್ಟದ್ದರ ಪಟ್ಟಿ ಬರೆದು ವಧೂವರರಿಬ್ಬರೂ ಸಹಿ ಮಾಡಬೇಕೆಂಬ ನಿಯಮ 1985ರಿಂದಲೇ ಇದೆ. ಹಾಗೆಂದು ಪಟ್ಟಿ ಬರೆದ ಮಾತ್ರಕ್ಕೆ ವರದಕ್ಷಿಣೆ ಕೊಡುವುದು ಸರಿಯಾಗುವುದಿಲ್ಲ. ಕೊಡುವುದೂ ಅಪರಾಧವೇ. ಆದರೆ ನೋಡಿ, ನಂಬಿಕೆಯ ಹೆಸರಿನಲ್ಲಿ ಪಟ್ಟಿ ಬೇಡ ಎನ್ನುವವರು ಯಾರು, ಕಾನೂನು ಯಾರನ್ನು ನಂಬಿಕೆಗೆ ಹೊಣೆ ಮಾಡಿದೆ! ಮನೆಯಲ್ಲಿ ನಂಬಿಕೆಯನ್ನು ಹೆಣ್ಣಿನಿಂದ ವಸೂಲಿ ಮಾಡುತ್ತಾರೆ. ಕಾನೂನು ಅದನ್ನು ವಸ್ತು ಇಟ್ಟುಕೊಂಡವರಿಂದ ಕೇಳುತ್ತದೆ.

ಅವಳು ಗಂಡನ ಮನೆಗೆ ಮರಳಲಿಲ್ಲ. ಮಗಳನ್ನು ತವರಿನಲ್ಲೇ ಸಾಕಿದಳು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಎಂಬ ಗಾದೆ ಹೇಳುವ ಜನರ ನಡುವೆ ಅದು ಸುಲಭವಲ್ಲ. ತವರಿನಲ್ಲೂ ಪರೀಕ್ಷೆ ತಪ್ಪಲಿಲ್ಲ. ತಂದೆ ತೀರಿಕೊಂಡ ಕೆಲವು ವರ್ಷಗಳ ಮೇಲೆ, 2021ರಲ್ಲಿ, ಅಣ್ಣ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು ಬಂದ. "ಇಲ್ಲೊಂದು ಸೈನ್ ಹಾಕವ್ವ" ಎಂದ. ಅವಳು ಓದುತ್ತೇನೆ ಎಂದಳು. ಅಣ್ಣನ ಮುಖ ಕೆಂಪಾಯಿತು. "ನನ್ನ ಮೇಲೆ ನಂಬಿಕೆ ಇಲ್ವಾ?" ಅದೇ ಪ್ರಶ್ನೆ! ನನ್ನ ಯಜಮಾನರು ಕೇಳಿದ್ದು, ಅವಳ ಬೀಗರು ಕೇಳಿದ್ದು.

ಅವಳ ಉತ್ತರ ಕೇಳಿ: "ನಂಬಿಕೆ ಅದೆ ಅಣ್ಣ. ಅದಕ್ಕೇ ನಿನ್ನ ಮುಂದೇನೇ ಓದ್ತೀನಿ ಅಂತಿರೋದು."

ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಪಾಲು ಕೊಟ್ಟಿತು. ಆದರೆ ಆ ತಿದ್ದುಪಡಿ ಬರುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಇವಳ ಮದುವೆ 1993ರದು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಇಡೀ ದೇಶಕ್ಕೆ ತಿದ್ದುಪಡಿಯಾದಾಗ ಮದುವೆಯಾದವರು ಆಗದವರು ಎಂಬ ಆ ಗೋಡೆ ಬಿತ್ತು. 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇದೆಲ್ಲ ತಿಳಿದುಕೊಂಡು ಅವಳು ಅಣ್ಣನ ಜೊತೆ ಕೂತು ಮಾತಾಡಿದಳು. ಇದ್ದ ಮೂರು ಎಕರೆಯಲ್ಲಿ ಒಂದು ಎಕರೆ ತನ್ನ ಹೆಸರಿಗೆ ಬರೆಸಿಕೊಂಡಳು. ಅದು ಸಮಪಾಲಲ್ಲ. ಆದರೆ ತನಗೆಷ್ಟು ಬರಬೇಕು ಎಂದು ತಿಳಿದೇ ಅಷ್ಟನ್ನು ಬಿಟ್ಟುಕೊಟ್ಟಳು. ಕಣ್ಣು ಮುಚ್ಚಿ ಸಹಿ ಹಾಕಿ ಕಳೆದುಕೊಂಡದ್ದಲ್ಲ. ಅಣ್ಣ ಮೂರು ತಿಂಗಳು ಮಾತು ಬಿಟ್ಟ. ಆಮೇಲೆ ಗೌರಿ ಹಬ್ಬಕ್ಕೆ ಅವನೇ ಸೀರೆ ತಂದ. "ಸೈನ್ ಹಾಕಿಬಿಟ್ಟಿದ್ರೆ ಅವನ ಮುಖ ನೋಡಿದಾಗೆಲ್ಲ ಒಳಗೆ ಉರೀತಿತ್ತು ಮೇಡಂ. ಈಗ ಉರಿಯಲ್ಲ" ಎಂದಳು.

ಗೆಳತಿಯರೇ, ಪುರುಷಪ್ರಧಾನ ವ್ಯವಸ್ಥೆ ಹೆಣ್ಣಿಗೆ ನಂಬಿಕೆ ಎಂದು ಕಲಿಸಿರುವುದು ಬಹಳ ಸಲ ಪಳಗುವಿಕೆಯನ್ನು. ಕಾಡಿನಿಂದ ಹಿಡಿದು ತಂದ ಆನೆಯನ್ನು ಮರದ ದಿಮ್ಮಿಗಳ ಕ್ರಾಲ್‌ನಲ್ಲಿ ಕೂಡಿಹಾಕುತ್ತಾರೆ. ಕಬ್ಬು ಬೆಲ್ಲ ತಿನ್ನಿಸುತ್ತಾರೆ, ಅಂಕುಶವನ್ನೂ ತೋರಿಸುತ್ತಾರೆ. ಕೆಲವು ತಿಂಗಳಲ್ಲಿ ಅದು ಹೇಳಿದಂತೆ ಮಂಡಿಯೂರುತ್ತದೆ. ಅದನ್ನು ನಾವು ಪಳಗಿತು ಎನ್ನುತ್ತೇವೆಯೇ ಹೊರತು ನಂಬಿತು ಎನ್ನುವುದಿಲ್ಲ. ವರ್ಷಗಟ್ಟಲೆ ಮೈ ತೊಳೆದು, ಗಾಯಕ್ಕೆ ಮದ್ದು ಹಚ್ಚಿ, ಒಂದೇ ದನಿಯಲ್ಲಿ ಮಾತಾಡಿಸಿದ ಮಾವುತನ ಜೊತೆ ಆನೆಗೆ ಬೆಳೆಯುವ ಬಾಂಧವ್ಯ ಬೇರೆಯದೇ. ಅದು ಬಂದರೆ ಬರುತ್ತದೆ, ಬಾರದಿದ್ದರೆ ಅಂಕುಶದಿಂದ ತರಿಸಲಾಗದು. ಹೆಣ್ಣು ಆನೆಯಲ್ಲ. ಅವಳನ್ನು ಕ್ರಾಲ್‌ಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ಆದರೂ ಎಷ್ಟು ಮನೆಗಳಲ್ಲಿ ಹೆದರಿಕೆಯ ಮೌನಕ್ಕೆ ನಂಬಿಕೆ ಎಂಬ ಹೆಸರಿಟ್ಟು ಸುಖವಾಗಿದ್ದೇವೆ ಎಂದುಕೊಂಡಿದ್ದೇವೆ!

ಹಾಗಾದರೆ ಯಾರನ್ನೂ ನಂಬಬಾರದೇ? ಹಾಗಲ್ಲ. ನಂಬಿಕೆಯಿಲ್ಲದ ಬದುಕು ಬದುಕಲ್ಲ. ನಾನು ತಡವಾಗಿ ಕಲಿತದ್ದು ಇಷ್ಟು. ಪ್ರಶ್ನೆ ಕೇಳಿದರೆ ಮುರಿದುಬೀಳುವುದು ನಂಬಿಕೆಯಲ್ಲ. ನೀವು ಒಂದು ಸಲ 'ಇಲ್ಲ' ಎಂದು ನೋಡಿ. ಆ ಮನುಷ್ಯ ಆಗ ಏನು ಮಾಡುತ್ತಾನೆ ಎಂಬುದರಲ್ಲಿ ಅವನನ್ನು ಎಷ್ಟು ನಂಬಬಹುದೆಂಬ ಲೆಕ್ಕವಿದೆ. ಹೊಡೆದವನು ಇನ್ನು ಹೊಡೆಯುವುದಿಲ್ಲ ಎಂದು ಅತ್ತರೆ, ಅವನ ಕಣ್ಣೀರನ್ನು ಲೆಕ್ಕಕ್ಕಿಡಬೇಡಿ. ಒಡವೆ ಹಿಂದಿರುಗಿಸಿದನೇ, ನಾಲ್ಕು ಜನರ ಮುಂದೆ ತಪ್ಪೊಪ್ಪಿಕೊಂಡನೇ, ನಿಮ್ಮ ದುಡಿಮೆಯ ಹಣ ನಿಮ್ಮ ಕೈಯಲ್ಲಿ ಬಿಟ್ಟನೇ ಎಂಬುದನ್ನು ಇಡಿ. ಹೆಣ್ಣು ಹೆತ್ತವರು ಮದುವೆಯ ದಿನ "ಹೊಂದಿಕೊಂಡು ಹೋಗು" ಎನ್ನುವ ಬದಲು "ಬಾಗಿಲು ತೆರೆದೇ ಇರುತ್ತದೆ" ಎಂದು ಹೇಳಲಿ, ಹೇಳಿದ ಮೇಲೆ ತೆರೆದೇ ಇಡಲಿ.

ನೊಂದ ಹೆಣ್ಣು ಒಬ್ಬಂಟಿಯಲ್ಲ. 181ಕ್ಕೆ ಕರೆ ಮಾಡಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ ಇರುವ ಮನೆಯಲ್ಲೇ ಉಳಿಯುವ ಹಕ್ಕು ಅವಳಿಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ದೂರು ಕೊಡಬಹುದು. ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಯಾವ ಹೆಣ್ಣಿಗೂ ಉಚಿತವಾಗಿ ವಕೀಲರು ಸಿಗುತ್ತಾರೆ. ಆದರೆ ಅಲ್ಲಿಯವರೆಗೆ ಅವಳು ನಡೆದು ಹೋಗಬೇಕಾದರೆ ಅದಕ್ಕೂ ಮುಂಚೆ ಯಾರಾದರೂ ಅವಳ ಮಾತನ್ನು ನಂಬಿರಬೇಕು. ಆ ಯಾರಾದರೂ ಎಂದರೆ ನೀವು, ನಾನು.

ಅವಳ ಮಗಳೂ ಅಂದು ಜೊತೆಗಿದ್ದಳು. ಮದುವೆಯ ಮಾತು ನಡೆಯುತ್ತಿದೆಯಂತೆ. "ಹುಡುಗನಿಗೆ ಮೊದಲೇ ಹೇಳಿದೀನಿ, ನಮ್ಮಮ್ಮ ಒಂದು ರೂಪಾಯೀನೂ ಕೊಡಲ್ಲ, ನಾನು ಎಲ್ಲ ಕಾಗದಾನೂ ಓದ್ತೀನಿ ಅಂತ" ಎಂದು ನಕ್ಕಳು. ಅವನೇನೆಂದ ಎಂದು ಕೇಳಿದೆ. "ಸರಿ, ನಾನೂ ಓದ್ತೀನಿ ಅಂದ."

ಮನೆಗೆ ಬಂದು ಬೀರು ತೆರೆದೆ. ಯಜಮಾನರ ಕಾಲದ ನಂತರ ನನ್ನ ತಮ್ಮ ಸಹಿಗೆಂದು ಕೊಟ್ಟುಹೋಗಿದ್ದ ಕಾಗದಗಳು ಎರಡು ವರ್ಷದಿಂದ ಅಲ್ಲೇ ಇದ್ದವು. ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಲು ಕೂತೆ. ಅರವತ್ತು ದಾಟಿದ ಮೇಲಾದರೂ ಕಲಿಯಬಹುದು.