ಒಂಬತ್ತನೇ ತರಗತಿಯ ಭೌತಶಾಸ್ತ್ರಕ್ಕೆ ಯಾರು ದಿಕ್ಕು?



2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆಯಾಯಿತು. ಅಂದಿನಿಂದ ಎಲ್ಲರ ಬಾಯಲ್ಲೂ ಹತ್ತನೇ ತರಗತಿಯದೇ ಮಾತು: ವಿಶೇಷ ತರಗತಿ, ಸರಣಿ ಪರೀಕ್ಷೆ, ಪಾಸಾಗಲು ಬೇಕಾದಷ್ಟು ಪ್ರಶ್ನೆಗಳ ಕಂಠಪಾಠ. ಬೇಡವೆನ್ನುವುದಿಲ್ಲ. ಆದರೆ ಹತ್ತನೆಯ ವಿಜ್ಞಾನ ಪುಸ್ತಕದಲ್ಲಿರುವ ಭೌತಶಾಸ್ತ್ರ ಬೆಳಕು, ವಿದ್ಯುತ್ತು, ಕಾಂತಕ್ಕೆ ಸೇರಿದ್ದು. ಚಲನೆ, ಬಲ, ನ್ಯೂಟನ್ನನ ನಿಯಮಗಳು, ಗುರುತ್ವ ಇರುವುದು ಒಂಬತ್ತರಲ್ಲಿ. ಬೋರ್ಡ್ ಪರೀಕ್ಷೆಗೆ ಬಾರದ ಪಾಠವೆಂದು ಎಷ್ಟೋ ಕಡೆ ಅದನ್ನು ಓದಿಸಿ ಮುಗಿಸುತ್ತಾರೆ, ಲೆಕ್ಕ ಮಾಡಿಸುವುದಿಲ್ಲ.

ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳನ್ನು ದಿನಾ ನೋಡುವ ನಮ್ಮ ಓಣಿಯ ಹುಡುಗರಿಗೆ ಒಂದು ಲೆಕ್ಕ ಕೊಟ್ಟೆ. ಹತ್ತು ಟನ್ ತೂಕದ ಟ್ರಾಲಿ ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗಿದೆ. ಟ್ರ್ಯಾಕ್ಟರ್ ಎಳೆಯುವ ಬಲ 5,000 ನ್ಯೂಟನ್. ಹಾಗಾದರೆ ಅದನ್ನು ತಡೆಯುವ ಬಲ ಎಷ್ಟು? ಸೂತ್ರ ಎಲ್ಲರಿಗೂ ಬಾಯಿಪಾಠ. ಒಬ್ಬ ರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿ, ‘ಕಾಕಾ, ವೇಗೋತ್ಕರ್ಷ ಸೊನ್ನಿ ಅದ, ಹಂಗಾದ್ರ ಟ್ರ್ಯಾಕ್ಟರ್ ಜಗ್ಗವಲ್ದೇನು?’ ಎಂದ. ಒಳ್ಳೆಯ ಪ್ರಶ್ನೆ! ಟ್ರಾಲಿಯ ಚಿತ್ರ ಬರೆದು ಮುಂದಕ್ಕೊಂದು, ಹಿಂದಕ್ಕೊಂದು ಬಾಣ ಹಾಕಿಸಿದೆ. ಸೊನ್ನೆಯಾದದ್ದು ಎರಡೂ ಸೇರಿದ ಮೊತ್ತ, ತಡೆಯುವ ಬಲವೂ 5,000 ಎಂಬುದು ಅವನಿಗೇ ಹೊಳೆಯಿತು. ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 0.2 ಮೀಟರಿನಷ್ಟು ಏರಬೇಕಾದರೆ ಇನ್ನೂ 2,000 ನ್ಯೂಟನ್ ಬೇಕೆಂಬುದನ್ನು ನಾನು ಹೇಳಿಕೊಡಬೇಕಾಗಲಿಲ್ಲ.

ಈ ಬಾಣಗಳ ಚಿತ್ರಕ್ಕೆ ಪ್ರಯೋಗಾಲಯ ಬೇಡ, ಅನುದಾನವೂ ಬೇಡ. ಈ ಚಿತ್ರ ಬರೆಯಲು ಕಲಿಯದೆ ಪಿಯುಸಿ ವಿಜ್ಞಾನಕ್ಕೆ ಸೇರಿದವರಿಗೆ ಮೊದಲ ವರ್ಷದಲ್ಲೇ ಇದೇ ಪಾಠ ಇಳಿಜಾರು, ರಾಟೆ, ಘರ್ಷಣೆ ಸಮೇತ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 60 ಅಂಕ. ಕಲಬುರಗಿಯ ಕೋಚಿಂಗಿಗೆ ಹಣ ಕಟ್ಟಬಲ್ಲವರು ಹೇಗೋ ದಡ ಸೇರುತ್ತಾರೆ, ಉಳಿದವರು ವಿಜ್ಞಾನವನ್ನೇ ಬಿಡುತ್ತಾರೆ.

2024ರಲ್ಲಿ ಒಂಬತ್ತನೇ ತರಗತಿಗೂ ಬೋರ್ಡ್ ಪರೀಕ್ಷೆ ಮಾಡಹೋಗಿ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ನಡೆಯಿತು. ಪರೀಕ್ಷೆ ಬೇಕೋ ಬೇಡವೋ ಎಂದು ಅಷ್ಟು ವಾದಿಸಿದವರು ತರಗತಿಯೊಳಗೆ ಏನು ಕಲಿಸುತ್ತಾರೆಂದು ಕೇಳಲಿಲ್ಲ.

ಶಿಕ್ಷಣ ಇಲಾಖೆ ಅಫಜಲಪುರ, ಆಳಂದ, ಜೇವರ್ಗಿ ತಾಲ್ಲೂಕುಗಳಲ್ಲಿ ಖಾಲಿಯಿರುವ ವಿಜ್ಞಾನ ಶಿಕ್ಷಕರ ಹುದ್ದೆಗಳನ್ನು ಮೊದಲು ತುಂಬಲಿ. ಶಾಲೆಗೆ ತಪಾಸಣೆಗೆ ಬರುವ ಅಧಿಕಾರಿಗಳು ಒಂಬತ್ತನೆಯವರ ನೋಟ್‌ಬುಕ್ಕನ್ನೂ ತೆರೆದು, ಅದರಲ್ಲಿ ಬಿಡಿಸಿದ ಲೆಕ್ಕ ಇದೆಯೇ ಎಂದು ನೋಡಲಿ.

– ಒಬ್ಬ ಪಾಲಕ, ಘತ್ತರಗಿ, ಅಫಜಲಪುರ ತಾಲ್ಲೂಕು