ಬಾವುಟ ಹಿಡಿದ ಕೈಗೆ ಬಳಪವೂ ಬರಲಿ

ಕನ್ನಡದ ಗೆಳೆಯರೇ,

ನವೆಂಬರ್ ಒಂದಕ್ಕೆ ಬೀದಿಬೀದಿಯಲ್ಲಿ ಬಾವುಟ ಕಟ್ಟುತ್ತೀರಿ. ನಾಮಫಲಕದಲ್ಲಿ ಕನ್ನಡ ಬೇಕೆಂದು ಗಂಟಲು ಹರಿಯುವಂತೆ ಕೂಗುತ್ತೀರಿ. ಕೂಗಲೇಬೇಕು! ಆದರೆ ಅದೇ ಬೀದಿಯ ಸರ್ಕಾರಿ ಕನ್ನಡ ಶಾಲೆಯ ನಾಲ್ಕನೇ ತರಗತಿಯ ಮಗು ಆ ಫಲಕವನ್ನು ಓದಬಲ್ಲುದೇ? ಎಂದಾದರೂ ಒಳಗೆ ಹೋಗಿ ನೋಡಿದ್ದೀರಾ?

ಹಿಂದೆ ಬಿದ್ದ ಮಗು ಹಿಂದೆಯೇ ಉಳಿಯುತ್ತದೆ. ಪಾಠ ಮುಗಿಸುವ ಆತುರದಲ್ಲಿರುವ ಮೇಷ್ಟರಿಗೆ ಅದರ ಪಕ್ಕ ಕೂರಲು ಪುರುಸೊತ್ತಿಲ್ಲ. ಓದು ಬಾರದ ಮಗುವನ್ನು ಕಂಡ ತಾಯಿ ಸಾಲ ಮಾಡಿಯಾದರೂ ಕಾನ್ವೆಂಟಿಗೆ ಹಾಕುತ್ತಾಳೆ. ಕನ್ನಡ ಶಾಲೆ ಮುಚ್ಚುವುದು ಹೀಗೆ!

ಇದಕ್ಕೆ ಮದ್ದಿದೆ. ಮುಂಬಯಿ, ವಡೋದರಾ ನಗರಪಾಲಿಕೆ ಶಾಲೆಗಳಲ್ಲಿ 'ಪ್ರಥಮ್' ಸಂಸ್ಥೆ 'ಬಾಲಸಖಿ'ಯರನ್ನು ನೇಮಿಸಿತು. ಅವರು ಹೈಸ್ಕೂಲು ಮುಗಿಸಿದ ಅಕ್ಕಪಕ್ಕದ ಹುಡುಗಿಯರು. ತರಬೇತಿ ಎರಡು ವಾರ. ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕ ಕೂರಿಸಿಕೊಂಡು, ಬಾರದ ಅಕ್ಷರದಿಂದಲೇ, ಬಾರದ ಲೆಕ್ಕದಿಂದಲೇ ಶುರು ಮಾಡಿದರು. 2001ರಿಂದ 2003ರವರೆಗೆ ಇದನ್ನು ಅಳೆದು ನೋಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದರು. ಇಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರಿಗೆ ಕಂಡದ್ದೇನು? ಸಖಿಯ ಬಳಿ ಕೂತ ಮಕ್ಕಳು ಮುಂದೆ ಬಂದರು. ತರಗತಿಯಲ್ಲೇ ಉಳಿದವರಿಗೆ, ಮಕ್ಕಳ ಸಂಖ್ಯೆ ಇಳಿದರೂ, ಹೆಚ್ಚಿನ ಲಾಭವಾಗಲಿಲ್ಲ. ಅಂದರೆ ಮಗು ನಿಂತಲ್ಲಿಗೇ ಹೋಗಿ ಕೈ ಹಿಡಿಯುವವರು ಬೇಕು!

ಆದರೆ ಎಚ್ಚರ! ಆ ಸಖಿಯರಿಗೆ ಸಿಗುತ್ತಿದ್ದುದು ತಿಂಗಳಿಗೆ 500ರಿಂದ 750 ರೂಪಾಯಿ. ಅಗ್ಗದ ಕೈ ಕಂಡರೆ ಸರ್ಕಾರಕ್ಕೆ ಬಲು ಇಷ್ಟ. ನಮ್ಮಲ್ಲಿ ಖಾಲಿ ಹುದ್ದೆ ತುಂಬುವ ಬದಲು ಗೌರವಧನದ ಅತಿಥಿ ಶಿಕ್ಷಕರಿಂದ ವರ್ಷ ದೂಡುವುದನ್ನು ಕಂಡಿದ್ದೇವೆ. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಸಹಾಯಕಿ ಬರಬೇಕಾದದ್ದು ಮೇಷ್ಟರ ಪಕ್ಕಕ್ಕೆ, ಮೇಷ್ಟರ ಜಾಗಕ್ಕಲ್ಲ!

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಮೊದಲು ಖಾಲಿ ಹುದ್ದೆ ತುಂಬಿ. ಅದರ ಜೊತೆಗೆ ಪ್ರತಿ ಕನ್ನಡ ಪ್ರಾಥಮಿಕ ಶಾಲೆಗೂ ಅದೇ ಬಡಾವಣೆಯ, ಮಗುವಿನ ಮಾತು ಬಲ್ಲ ಒಬ್ಬ ಸಹಾಯಕಿಯನ್ನೋ ಸಹಾಯಕನನ್ನೋ ಹೊಟ್ಟೆ ತುಂಬುವ ಸಂಬಳ ಕೊಟ್ಟು ನೇಮಿಸಿ.

ಗೆಳೆಯರೇ, ವರ್ಷಕ್ಕೊಮ್ಮೆ ನೋಟ್‌ಬುಕ್ಕು ಹಂಚಿ ಫೋಟೋ ತೆಗೆಸಿಕೊಂಡರೆ ಮಗುವಿಗೆ ಓದು ಬರುವುದಿಲ್ಲ. ಬಾಲಸಖಿ ದಿನವೂ ಬರುತ್ತಿದ್ದಳು. ನಿಮ್ಮ ಬೀದಿಯ ಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರನ್ನು, ಶಾಲಾಭಿವೃದ್ಧಿ ಸಮಿತಿಯವರನ್ನು ಕಾಣಿ. ಎಷ್ಟು ಹುದ್ದೆ ಖಾಲಿ, ಎಷ್ಟು ಮಕ್ಕಳಿಗೆ ಓದು ಬಾರದು ಎಂದು ಕೇಳಿ ಬರೆದುಕೊಳ್ಳಿ. ಆ ಪಟ್ಟಿ ಹಿಡಿದು ಶಿಕ್ಷಣಾಧಿಕಾರಿಯ ಬಾಗಿಲು ತಟ್ಟಿ. ಉತ್ತರ ಬರುವವರೆಗೆ ತಟ್ಟುತ್ತಲೇ ಇರಿ!